ಬಲಗಿವಿ ತುಂಡು, ಎಡಗಿವಿ ಹಿಂಗಚ್ಚು

ಹಳೆಯ ಪತ್ರಿಕೆಗಳಿಗೆ ಕುರಿಯ ವಾಸನೆ ಇರುತ್ತದೆಂದು ಸ್ಟೇನ್ ಮೊದಲು ಅಂದುಕೊಂಡ. ಆಮೇಲೆ ಗೊತ್ತಾಯಿತು, ವಾಸನೆ ತನ್ನ ಉಣ್ಣೆಯಂಗಿಯದು. ಬೆಳಿಗ್ಗೆ ಹಟ್ಟಿಗೆ ಹೋಗಿ ಬಂದ ಅಂಗಿಯಲ್ಲೇ ಪೇಟೆಗೆ ಬಂದುಬಿಟ್ಟಿದ್ದ. ಗ್ರಂಥಾಲಯದಲ್ಲಿ ಬಿಸಿನೀರಿನ ಕೊಳವೆಗಳು ಗೋಡೆಗುಂಟ ಹಾದು ಕೋಣೆಯನ್ನು ಬೆಚ್ಚಗಿಟ್ಟಿದ್ದವು, ಕೋಣೆ ಬೆಚ್ಚಗಾದಷ್ಟೂ ಅಂಗಿ ತಾನು ಎಲ್ಲಿಂದ ಬಂದೆ ಎಂಬುದನ್ನು ಜೋರಾಗಿ ಸಾರುತ್ತಿತ್ತು. ಎದುರು ಮೇಜಿನ ಹೆಂಗಸೊಬ್ಬಳು ಎದ್ದು ಕಿಟಕಿಯ ಹತ್ತಿರ ಹೋಗಿ ಕೂತಳು. ಬೆಳಕಿಗೆಂದು ಹೋಗಿರಬಹುದು. ಬೆಳಕಿಗಲ್ಲದೆಯೂ ಇರಬಹುದು. ಐವತ್ತು ದಾಟಿದ ಗಂಡಸು, ಅಷ್ಟು ಕುರಿಗಳ ಯಜಮಾನ, ಇಂಥದ್ದಕ್ಕೆಲ್ಲ ಕಿವಿ ಕೆಂಪು ಮಾಡಿಕೊಳ್ಳಬಾರದು. ಆದರೆ ಸ್ಟೇನ್‌ನ ಕಿವಿ ಹುಟ್ಟಿದಾಗಿನಿಂದ ಹಾಗೆಯೇ, ಯಾರು ಏನಂದರೂ ಮೊದಲು ಅದಕ್ಕೇ ತಾಗುವುದು. ಮೇಲಂಗಿಯ ಗುಂಡಿ ಹಾಕಿಕೊಂಡು, ಬೆವರುತ್ತ, ಹಾಳೆ ತಿರುವಿದ. ಯಾರದೋ ಕಂದು ಕುದುರೆ ಕಾಣೆಯಾಗಿದೆ. ಯಾರಿಗೋ ಸೇತುವೆಯ ಬಳಿ ಬೆಳ್ಳಿ ಹಿಡಿಯ ಚಾವಟಿ ಸಿಕ್ಕಿದೆ, ವಾರಸುದಾರರು ಬಂದು ಒಯ್ಯಬಹುದು. ಯಾವನೋ ಒಬ್ಬ, ಇನ್ನು ಮುಂದೆ ತನಗೆ ಯಾರೂ ಕುಡಿಯಲು ಕೊಡಕೂಡದೆಂದು ಊರಿಗೆಲ್ಲ ತಿಳಿಸಿದ್ದ. ಚಳಿಗಾಲ ಮುಗಿಯುವುದರೊಳಗೆ ಅದೇ ಮನುಷ್ಯ, ಹಿಂದಿನ ಪ್ರಕಟಣೆ ರದ್ದಾಗಿದೆ ಎಂದು ಇನ್ನೊಮ್ಮೆ ಅಚ್ಚು ಹಾಕಿಸಿದ್ದ. ಸ್ಟೇನ್ ನಕ್ಕ. ನಕ್ಕದ್ದು ಕೋಣೆಗೆಲ್ಲ ಕೇಳಿಸಿತು.

ಅವನು ಬಂದದ್ದು ಕೋಲ್ಬೇನ್‌ನ ದೆಸೆಯಿಂದ. ಹಿಂದಿನ ವಾರ ಸಹಕಾರಿ ಅಂಗಡಿಯಲ್ಲಿ ಸಕ್ಕರೆ ಮೂಟೆ ಹೆಗಲ ಮೇಲಿಟ್ಟುಕೊಂಡು ಸಾಲಿನಲ್ಲಿ ನಿಂತಿದ್ದಾಗ, ಈ ಸಲ ಕಣಿವೆಯ ಗುರುತುಗಳ ಪಟ್ಟಿಯ ಹೊಣೆ ಹೊತ್ತಿದ್ದ ಹೋಲ್ ಮನೆಯ ಕೋಲ್ಬೇನ್ ಕಾಫಿ ಡಬ್ಬಿಯೊಂದನ್ನು ಮುಖದಿಂದ ದೂರ ಹಿಡಿದು ನೋಡುತ್ತ, ಹಾಗೆ ನೋಡುತ್ತಲೇ, ಹಿಂದೆ ತಿರುಗದೆ ಮಾತಾಡಿದ್ದ.

"ಏ ಗಿಲ್ ಮನೆಯವನೇ, ಕುರಿ ಗುರುತಿನ ಪುಸ್ತಕ ಹೊಸದಾಗಿ ಅಚ್ಚಾಗ್ತಿದೆ ಕಣೋ. ನಿಮ್ಮ ಗುರುತು ನಮ್ಮದಕ್ಕೆ ತೀರಾ ಅಂಟ್ಕೊಂಡಿದೆ. ಬೇರೆ ಯಾವ್ದಾದ್ರೂ ಆರಿಸ್ಕೊ. ಶನಿವಾರ ದೊಡ್ಡೀಲಿ ಹೇಳು, ಬರೆಸ್ತೀನಿ."

"ನಮ್ಮಜ್ಜನ ಕಾಲದಿಂದ ಇರೋ ಗುರುತು ಅದು."

"ನಿಮ್ಮಜ್ಜನ ಕಾಲದಿಂದ ನಮಗೆ ತಲೆನೋವೂ ಇದೆ."

ಸಾಲಿನಲ್ಲಿದ್ದವರು ನಕ್ಕರು. ಎಲ್ಲರಿಗಿಂತ ಮೊದಲು ನಕ್ಕವನು ಸ್ಟೇನ್. ಅದು ಅವನಿಗೆ ಮನೆ ಮುಟ್ಟುವವರೆಗೂ, ಮನೆ ಮುಟ್ಟಿ ಮೂಟೆ ಇಳಿಸಿದ ಮೇಲೂ, ಬಾಯಲ್ಲಿ ಕಹಿಯಾಗಿ ಉಳಿದಿತ್ತು. ಯಾಕೆ ನಕ್ಕೆ? ಹೊಡೆಯುವವನ ಕೈ ನೋಯಬಾರದು ಅಂತಲೇ?

ಕಣಿವೆಯ ಲೆಕ್ಕ ಸರಳ. ಬೇಸಿಗೆಯಲ್ಲಿ ಎಲ್ಲರ ಕುರಿಗಳೂ ಬೆಟ್ಟದ ಮೇಲೆ ಒಟ್ಟಿಗೆ ಮೇಯುತ್ತವೆ, ಸೆಪ್ಟೆಂಬರಿನಲ್ಲಿ ಒಟ್ಟಿಗೆ ಕೆಳಗಿಳಿಯುತ್ತವೆ, ಆಗ ಯಾರ ಕುರಿ ಯಾವುದು ಎಂದು ಹೇಳುವುದು ಕಿವಿ ಮಾತ್ರ. ಮರಿ ಹುಟ್ಟಿದ ಕೂಡಲೇ ಪ್ರತಿ ಮನೆಯವರೂ ತಮ್ಮ ತಮ್ಮ ರೀತಿಯಲ್ಲಿ ಅದರ ಕಿವಿ ಕತ್ತರಿಸುತ್ತಾರೆ. ಹೋಲ್ ಮನೆಯದು ಬಲಗಿವಿಯ ತುದಿ ತುಂಡು, ಎಡಗಿವಿ ಪೂರ್ತಿ. ಗಿಲ್ ಮನೆಯದು ಬಲಗಿವಿ ತುಂಡು, ಎಡಗಿವಿಯ ಹಿಂಬದಿಗೆ ಒಂದು ಸಣ್ಣ ಕಚ್ಚು. ಅಂದರೆ, ಹೋಲ್‌ನ ಮರಿಯೊಂದು ಒಬ್ಬಂಟಿಯಾಗಿ ಸಿಕ್ಕಿ, ಸಿಕ್ಕವನ ಜೇಬಿನಲ್ಲಿ ಚಾಕು ಇದ್ದರೆ, ಒಂದು ಕ್ಷಣದಲ್ಲಿ ಅದು ಗಿಲ್‌ನ ಮರಿಯಾಗುತ್ತದೆ. ಒಂದೇ ಒಂದು ಕಚ್ಚು. ಬೇರೆಯವರ ಗುರುತಿಗೆ ಇಷ್ಟು ಹತ್ತಿರದ ಗುರುತನ್ನು ಮರ್ಯಾದಸ್ಥ ಯಾವನೂ ಇಟ್ಟುಕೊಳ್ಳುವುದಿಲ್ಲ. ಇಟ್ಟುಕೊಂಡಿದ್ದಾನೆಂದರೆ ಅವನ ಚಾಕು ಹರಿತವಾಗಿದೆ ಎಂದು ಅರ್ಥ. ಸ್ಟೇನ್‌ನ ಅಜ್ಜ ಇಸ್ಲೇವ್ ಇಟ್ಟುಕೊಂಡ. ಇಸ್ಲೇವ್ ಊರ ಪಾಲಿನ ಹುಡುಗ, ಯಾರು ಕಡಿಮೆ ಖರ್ಚಿಗೆ ಸಾಕುತ್ತೇನೆ ಅಂದರೋ ಅವರ ಮನೆಗೆ ಊರವರೇ ದಾಟಿಸುತ್ತಿದ್ದ ದಿಕ್ಕಿಲ್ಲದವನು. ಐಸ್‌ಲ್ಯಾಂಡಿನಲ್ಲಿ ಹುಟ್ಟಿದವನಿಗೆಲ್ಲ ಅಪ್ಪನ ಹೆಸರೇ ಬಾಲ. ಇವನಿಗೆ ಮಾತ್ರ ತಾಯಿಯ ಹೆಸರು. ಇಸ್ಲೇವ್, ವಿಲ್‌ಬೋರ್ಗ್‌ಳ ಮಗ. ಸಮಾಧಿಯ ಕಲ್ಲಿನ ಮೇಲೂ ಅದೇ. ಅಪ್ಪ ಯಾರೋ ಫ್ರೆಂಚ್ ದೋಣಿಯವನು ಎಂದು ಕೆಲವರು, ದಾರಿಹೋಕ ಚಮ್ಮಾರ ಎಂದು ಕೆಲವರು, ಹಿಮಗಾಳಿ ಎಂದು ಇನ್ನು ಕೆಲವರು.

"ಗಾಯ ಹಸಿಯೋ, ಒಣಗಿದ್ಯೋ?" ಎನ್ನುತ್ತಿದ್ದ ಕೋಲ್ಬೇನ್‌ನ ಅಪ್ಪ ಗ್ರಿಮ್, ಪ್ರತಿ ವರ್ಷ, ದೊಡ್ಡಿಯ ಕಲ್ಲುಗೋಡೆಗೆ ಬೆನ್ನು ಕೊಟ್ಟು, ನಶ್ಯದ ಕೊಂಬು ಮೂಗಿಗೆ ಏರಿಸುತ್ತ. ಕಚ್ಚು ಹಸಿಯಿದ್ದರೆ ಮರಿ ಈಗಷ್ಟೇ ಕದ್ದದ್ದು ಎಂಬ ಚುಚ್ಚು ಅದು. ಗೋಡೆಯ ಮೇಲೆ ಕೂತವರಿಗೆಲ್ಲ ಅದು ಕೇಳಬೇಕು, ನಗಬೇಕು, ಆಗಲೇ ಶರತ್ಕಾಲ ಶುರುವಾದಂತೆ. ಇಸ್ಲೇವ್ ಅಜ್ಜ ನಗುತ್ತಿರಲಿಲ್ಲ, ಸಿಟ್ಟಾಗುತ್ತಲೂ ಇರಲಿಲ್ಲ. ತನ್ನ ಪ್ರತಿಯೊಂದು ಮರಿಯನ್ನೂ ಎಳೆದುಕೊಂಡು ಗ್ರಿಮ್‌ನ ಮುಂದೆ ಬಂದು, ಮಂಡಿಗಳ ನಡುವೆ ಅದನ್ನು ಅದುಮಿ ಹಿಡಿದು, ಎರಡು ಕೈಯಲ್ಲಿ ಎರಡು ಕಿವಿಗಳನ್ನೂ ಬೆಳಕಿಗೆ ಎತ್ತಿ ಹಿಡಿಯುತ್ತಿದ್ದ. ಗ್ರಿಮ್ ನೋಡುವವರೆಗೂ ಹಾಗೇ ನಿಲ್ಲುತ್ತಿದ್ದ. ಗ್ರಿಮ್ ನೋಡಿ, ಮುಖ ತಿರುವಿ, ಉಗಿದ ಮೇಲೆಯೇ ಅಜ್ಜ ಮರಿಯನ್ನು ದೊಡ್ಡಿಯ ತಮ್ಮ ಖಾನೆಗೆ ನೂಕುತ್ತಿದ್ದ. ಹಾಗೆ ತೋರಿಸೆಂದು ಯಾರೂ ಕೇಳಿರಲಿಲ್ಲ. ಬೇರೆ ಮನೆಯವರು ಕಣ್ಣು ಹಾಯಿಸುವರು, ಕೊಂಬು ಹಿಡಿಯುವರು, ನೂಕುವರು, ಅಷ್ಟೆ. ಚಿಕ್ಕ ಸ್ಟೇನ್ ಗೋಡೆಯಾಚೆ ಕೂತು, ಅಜ್ಜನ ಆ ಎತ್ತಿದ ಕೈಗಳನ್ನು ನೋಡಲಾಗದೆ, ತನ್ನ ಬೂಟಿನ ದಾರವನ್ನು ಬಿಚ್ಚುವನು, ಕಟ್ಟುವನು, ಬಿಚ್ಚುವನು. ಕಳ್ಳನಲ್ಲದವನು ಯಾಕೆ ಹೀಗೆ ಜೇಬು ಹೊರಗೆಳೆದು ತೋರಿಸಬೇಕು?

"ಇನ್ನೊಂದು ಸಂಪುಟ ತರ್ಲಾ?" ಗ್ರಂಥಾಲಯದ ಹುಡುಗಿ ಬಂದು ನಿಂತಿದ್ದಳು, ರಾನ್ವೇಗ್ ಎಂದು ಅಂಗಿಯ ಮೇಲೆ ಹೆಸರು. "ಏನ್ ಹುಡುಕ್ತಿದೀರಿ ಅಂತ ಹೇಳಿದ್ರೆ ನಾನೂ ಒಂದು ಕೈ ಹಾಕ್ಬಹುದು."

"ಕುರಿ ಕಿವಿ," ಎಂದ ಸ್ಟೇನ್.

"ಎಲ್ಲರೂ ಅದನ್ನೇ ಹುಡುಕೋದು. ಇಲ್ಲಾಂದ್ರೆ ಮುತ್ತಜ್ಜನ ಸಾವಿನ ಸುದ್ದಿ." ಅವಳು ಮೂಗು ಒರೆಸಿಕೊಂಡಳು, ಶೀತವೇ ಇರಬೇಕು. "ಕಿವಿ ಹುಡುಕೋರು ಸಾಮಾನ್ಯವಾಗಿ ಜಗಳಕ್ಕೆ ಹುಡುಕ್ತಾರೆ."

ಸ್ಟೇನ್ ಹಾಳೆಯ ಮೇಲೆ ಬಗ್ಗಿದ. ಅವನ ಕೈಯ ಕೆಳಗೆ ಅಜ್ಜ ಗಿಲ್‌ಗೆ ಬಂದು ನೆಲೆಸಿದ ವರ್ಷದ ಪತ್ರಿಕೆ ತೆರೆದಿತ್ತು. ಹೊಸದಾಗಿ ಗುರುತು ಇಟ್ಟುಕೊಂಡವರು ಅದನ್ನು ಪತ್ರಿಕೆಯಲ್ಲಿ ಸಾರಬೇಕಿತ್ತು. ಕೊನೆಯ ಪುಟದ ಕೆಳಮೂಲೆಯಲ್ಲಿ ಇರುವೆ ಸಾಲಿನಂಥ ಅಕ್ಷರಗಳಲ್ಲಿ ಅಜ್ಜನೂ ಸಾರಿದ್ದ. "ಇಸ್ಲೇವ್, ವಿಲ್‌ಬೋರ್ಗ್‌ಳ ಮಗ, ಗಿಲ್. ಬಲಗಿವಿ ತುಂಡು, ಎಡಗಿವಿ ಹಿಂಗಚ್ಚು. ಹಳೆಯ ಗುರುತು." ಅಷ್ಟೆ. ಕಳ್ಳತನದಿಂದ ಇಟ್ಟದ್ದಲ್ಲ, ಊರಿಗೆ ಸಾರಿಯೇ ಇಟ್ಟದ್ದು ಎನ್ನಲು ಇಷ್ಟು ಸಾಕಿತ್ತು. ಇದನ್ನು ನಕಲು ಮಾಡಿಸಿಕೊಂಡು ಮನೆಗೆ ಹೋಗಬಹುದಿತ್ತು. ಆದರೆ ಕೊನೆಯ ಮಾತು ಹಲ್ಲಿನ ಸಂದಿಯ ಒಣಮೀನಿನ ಎಳೆಯಂತೆ ಸಿಕ್ಕಿಕೊಂಡಿತು. ಹಳೆಯ ಗುರುತು? ಊರ ಪಾಲಿನ ಹುಡುಗನಿಗೆ, ಒಂದು ಕುರಿಯ ಬಾಲವೂ ಸ್ವಂತದ್ದಲ್ಲದವನಿಗೆ, ಹಳೆಯ ಗುರುತು ಎಲ್ಲಿಂದ ಬಂತು? "ಇದಕ್ಕಿಂತ ಹಿಂದಿನವು ಬೇಕು," ಎಂದ. ಹುಡುಗಿ ಸಂಪುಟಗಳನ್ನು ಎದೆಯೆತ್ತರ ಪೇರಿಸಿಕೊಂಡು ತಂದಿಟ್ಟಳು. ಊಟದ ಹೊತ್ತು ಮೀರಿತು. ಕಿಟಕಿಯ ಹೆಂಗಸು ಎದ್ದುಹೋದಳು. ಇವನು ಬೆರಳಿನಿಂದ ಓದಿದ, ಮನೆಯಲ್ಲಿ ಬೈಬಲ್ ಓದುವಾಗಿನಂತೆ, ತುಟಿ ಅಲ್ಲಾಡಿಸುತ್ತ. ಬಿಡಾಡಿ ಕುರಿಗಳ ಹರಾಜು, ಸೂಲಗಿತ್ತಿಗೆ ಕೃತಜ್ಞತೆ, ಸತ್ತವರು, ಹುಟ್ಟಿದವರು, ಸಮುದ್ರದಿಂದ ಮರಳದವರು. ಹಾಗೆ ಓದುತ್ತ ಓದುತ್ತ ಒಂದು ಕಡೆ ಬೆರಳು ನಿಂತಿತು.

"ನನ್ನ ಮಗ ಗ್ರಿಮ್‌ಗೆ ನಾನು ಕೊಟ್ಟಿರುವ ಗುರುತು: ಬಲಗಿವಿ ತುಂಡು, ಎಡಗಿವಿ ಮುಂಗಚ್ಚು. ಹುಡುಗ ಇಸ್ಲೇವ್‌ಗೆ ನಾನು ಕೊಟ್ಟಿರುವ ಗುರುತು: ಬಲಗಿವಿ ತುಂಡು, ಎಡಗಿವಿ ಹಿಂಗಚ್ಚು. ಇಬ್ಬರದನ್ನೂ ಎಲ್ಲರೂ ಮನ್ನಿಸತಕ್ಕದ್ದು. ಸೋಲ್ವಿ, ಹೋಲ್."

ಸೋಲ್ವಿ, ಹೋಲ್ ಮನೆಯ ಹಳೆಯ ಯಜಮಾನ, ಗ್ರಿಮ್‌ನ ಅಪ್ಪ, ಕೋಲ್ಬೇನ್‌ನ ಅಜ್ಜ. ಸ್ಟೇನ್ ಮತ್ತೆ ಓದಿದ. ಇದನ್ನು ಕಣಿವೆಯ ಯಾವ ಮಗುವಿಗೂ ಬಿಡಿಸಿ ಹೇಳಬೇಕಿಲ್ಲ. ಆಳಿಗೆ ಗುರುತು ಕೊಡುವವನು ತನ್ನದಕ್ಕೆ ಎಷ್ಟು ದೂರವಾದೀತೋ ಅಷ್ಟು ದೂರದ್ದನ್ನು ಕೊಡುತ್ತಾನೆ. ತನ್ನದಕ್ಕೇ ಒಂದು ಕಚ್ಚು ಸೇರಿಸಿ ಕೊಡುವುದು ಮಗನಿಗೆ ಮಾತ್ರ. ಒಬ್ಬನಿಗೆ ಮುಂದೆ, ಒಬ್ಬನಿಗೆ ಹಿಂದೆ. ಬಾಯಿಬಿಟ್ಟು ಹೇಳಲಾರದ್ದನ್ನು ಮುದುಕ ಕುರಿಯ ಕಿವಿಯಲ್ಲಿ ಹೇಳಿ, ಕೆಳಗೆ ರುಜು ಹಾಕಿದ್ದ. ಕಣಿವೆಯವರು ಅದನ್ನು ಕಳ್ಳತನವೆಂದು ಓದಿಕೊಂಡರು. ಸ್ಟೇನ್‌ಗೆ ಎದ್ದು ನಿಲ್ಲಬೇಕೆನಿಸಿತು, ನಿಂತ. ಯಾಕೆ ನಿಂತೆ ಎಂದು ತಿಳಿಯದೆ ಕೂತ. ಕೋಲ್ಬೇನ್‌ನ ಉದ್ದ ಮೂಗು ನೆನಪಾಯಿತು, ತನ್ನ ಮೂಗು ಮುಟ್ಟಿಕೊಂಡ.

ಅಲ್ಲಿಗೇ ಪುಸ್ತಕ ಮುಚ್ಚಿದ್ದರೆ ಚೆನ್ನಾಗಿತ್ತು. ಆದರೆ ಕೈಗೆ ಚಟ ಹತ್ತಿಬಿಟ್ಟಿತ್ತು. ಮುಂದಿನ ಸಂಪುಟದಲ್ಲಿ ಸೋಲ್ವಿ ಸತ್ತಿದ್ದ. ಕಪ್ಪು ಚೌಕಟ್ಟಿನೊಳಗೆ, ಪತ್ನಿಯನ್ನೂ ಒಬ್ಬನೇ ಮಗನನ್ನೂ ಅಗಲಿದ್ದ. ಅದಾದ ಕೆಲವೇ ವಾರಗಳಲ್ಲಿ, ಅದೇ ಕೆಳಮೂಲೆಯಲ್ಲಿ: "ಹೋಲ್ ಮನೆಯಲ್ಲಿದ್ದ ಹುಡುಗ ಇಸ್ಲೇವ್‌ಗೆ ಕೊಟ್ಟದ್ದೆಂದು ಹೇಳಲಾದ ಗುರುತು ರದ್ದಾಗಿದೆ. ಅದನ್ನು ಯಾರೂ ಮನ್ನಿಸಬೇಕಿಲ್ಲ." ಕೆಳಗೆ ಸೋಲ್ವಿಯ ವಿಧವೆಯ ಹೆಸರು. ಆ ವರ್ಷವೇ ಹುಡುಗ ಊರ ಪಾಲಾದದ್ದು, ತಾಯಿ ವಿಲ್‌ಬೋರ್ಗ್ ಹೋಲ್‌ನ ಆಳುಕೆಲಸ ಬಿಟ್ಟು ಕಡಲ ತೀರದ ಮೀನು ಒಣಗಿಸುವ ಜಾಗಕ್ಕೆ ಹೋದದ್ದು. ಅಂದಮೇಲೆ ಗಿಲ್‌ನ ಗುರುತು ಅಪ್ಪನು ಕೊಟ್ಟದ್ದೂ ಹೌದು, ಕಾನೂನು ಕಿತ್ತುಕೊಂಡದ್ದೂ ಹೌದು. ಅಜ್ಜ ದೊಡ್ಡವನಾಗಿ ಅದನ್ನು ಮತ್ತೆ ಎತ್ತಿಕೊಂಡಿದ್ದ, ಯಾರನ್ನೂ ಕೇಳದೆ. ಕೋಲ್ಬೇನ್ ಈ ಎರಡನೆಯದನ್ನು ಕಂಡರೆ ಮುಗಿಯಿತು, ಗುರುತು ಪುಸ್ತಕದಿಂದ ಹೋಗುತ್ತದೆ, ಹೋಗಬೇಕಾದದ್ದೇ ನ್ಯಾಯ.

"ಯಾವ ಪುಟ ನಕಲು ಮಾಡ್ಲಿ?" ಎಂದಳು ರಾನ್ವೇಗ್. ಎರಡು ಸಂಪುಟಗಳೂ ತೆರೆದಿದ್ದವು.

"ಇದು," ಎಂದ ಸ್ಟೇನ್.

"ಅದೂ?"

"ಅದು ಬೇಡ." ಅವಳು ಅವನನ್ನು ನೋಡಲೇ ಇಲ್ಲ, ಸಂಪುಟ ಎತ್ತಿಕೊಂಡು ಹೋದಳು, ಆದರೂ ನೋಡಿದಳೆಂದು ಅವನಿಗೆ ಅನ್ನಿಸಿತು. ಎರಡನೆಯದನ್ನು ತಾನೇ ಮುಚ್ಚಿದ. ಹಳೆಯ ರಟ್ಟು, ಮೆಲ್ಲಗೆ ಮುಚ್ಚಿದರೂ ಬಾಗಿಲು ಹಾಕಿದಂಥ ಸದ್ದು.

ಮನೆಯಲ್ಲಿ ತಾಯಿ ಒಡ್ನಿ, ಇಸ್ಲೇವ್‌ನ ಮಗಳು, ಸಕ್ಕರೆಯ ತುಂಡನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ಬಸಿಗೆ ಸುರಿದ ಕಾಫಿಯನ್ನು ಅದರ ಮೂಲಕ ಹೀರುತ್ತಿದ್ದಳು. ಮರುದಿನದ ದೊಡ್ಡಿಗೆಂದು ಕರಿದ ತಿರುಚು ಕಜ್ಜಾಯ ಮೇಜಿನ ತುಂಬ ಹರಡಿತ್ತು. "ಸಿಕ್ತೇನೋ ನಿನ್ನ ನಿಧಿ? ಅಂಗಿ ಬದಲಾಯಿಸ್ದೆ ಹೋಗಿದ್ಯಲ್ಲ, ಪೇಟೆಯೋರು ಮೂಗು ಮುಚ್ಕೊಂಡ್ರಾ?"

ಅವನು ನಕಲನ್ನು ಅವಳ ಮುಂದಿಟ್ಟ. ಅವಳು ಕನ್ನಡಕ ಹುಡುಕಿ, ಒರೆಸಿ, ಹಾಕಿಕೊಂಡು ಓದಿದಳು. ಅವಳ ಮುಖದಲ್ಲಿ ಅವನು ಕಾಯುತ್ತಿದ್ದದ್ದು ಯಾವುದೂ ಬರಲಿಲ್ಲ. ಕೈಯನ್ನು ಏಪ್ರನ್‌ಗೆ ಒರೆಸಿಕೊಂಡಳು.

"ಥೂ, ಮುದುಕ."

"ನಿಂಗೆ ಗೊತ್ತಿತ್ತಾ ಅಮ್ಮಾ?"

"ಯಾರೂ ಹೇಳಿರ್ಲಿಲ್ಲ. ಗೊತ್ತಿಲ್ದೆ ಇರೋಕೆ ನಾನೇನು ಗಂಡಸಾ?" ಮತ್ತೊಂದು ಸಕ್ಕರೆ ತುಂಡು ಆರಿಸಿಕೊಂಡಳು. "ಹಾಗಾದ್ರೆ ಆ ಕೋಲ್ಬೇನ್ ನಂಗೆ ತಮ್ಮ ಆಗ್ಬೇಕು. ದೇವರೇ. ನಿಂಗೆ ಸೋದರಮಾವ. ಹೋಗು, ಕಾಲಿಗೆ ಬೀಳು."

"ನಾಳೆ ಎಲ್ಲರ ಮುಂದೆ ಓದ್ತೀನಿ. ಗೋಡೆ ಮೇಲೆ ನಿಂತ್ಕೊಂಡು ಓದ್ತೀನಿ. ಇಷ್ಟು ವರ್ಷ ನಕ್ಕರಲ್ಲ, ಈಗ ನಗ್ಲಿ."

"ಓದಿದ್ರೆ? ಅವರ ಮೂಗು ನಿನ್ನ ಮುಖದಲ್ಲಿ ಆಗ್ಲೇ ಇದೆ, ಇನ್ನೇನು ಬೇಕು? ನಂಗೆ ಹೋಲ್‌ನವರ ರಕ್ತ ಬೇಡಪ್ಪ. ನಾನು ವಿಲ್‌ಬೋರ್ಗ್ ಮೊಮ್ಮಗಳು, ಅದು ಸಾಕು ನಂಗೆ." ಬಸಿಯನ್ನು ಕೆಳಗಿಟ್ಟಳು. "ಅವಳದ್ದು ಬಂದಿತ್ತಾ ಪತ್ರಿಕೇಲಿ? ಅವಳು ಸತ್ತದ್ದು?"

ಸ್ಟೇನ್‌ನ ಕಿವಿ ಕೆಂಪಾಯಿತು. "ನೋಡ್ಲಿಲ್ಲ."

"ನೋಡ್ಲಿಲ್ಲ," ಎಂದಳು ತಾಯಿ, ಬೈಗುಳವಿಲ್ಲದೆ, ಹೆಣಿಗೆಯಲ್ಲಿ ಒಂದು ಕಣ್ಣು ಬಿಟ್ಟುಹೋಗಿದೆ ಎನ್ನುವಂತೆ. ಇಡೀ ದಿನ ಕೂತು ಗಂಡಸರನ್ನೂ ಕುರಿಗಳನ್ನೂ ಹುಡುಕಿದ್ದ. ಆ ಹೆಂಗಸು ಯಾವ ಮೂಲೆಯಲ್ಲಾದರೂ ಎರಡು ಸಾಲಾಗಿ ಬಿದ್ದಿರಬಹುದು, ಅಥವಾ ಅದೂ ಇಲ್ಲದಿರಬಹುದು ಎಂಬುದು ಅವನಿಗೆ ಹೊಳೆದೇ ಇರಲಿಲ್ಲ. ಇನ್ನೊಂದು ಪುಟವನ್ನು ಬಿಟ್ಟುಬಂದದ್ದನ್ನು ಅವನು ತಾಯಿಗೆ ಹೇಳಲಿಲ್ಲ. ನಕಲನ್ನು ಮಡಚಿ ಜೇಬಿಗಿಟ್ಟ. ಕಜ್ಜಾಯ ಒಂದನ್ನು ಬಾಯಿಗೆ ಹಾಕಿಕೊಂಡ, ಅದು ಬಾಯಲ್ಲೇ ಸುತ್ತುತ್ತಿತ್ತು.

ಶನಿವಾರ ಹುಲ್ಲಿನ ಮೇಲೆ ಮಂಜು ಗಟ್ಟಿಯಾಗಿತ್ತು. ದೊಡ್ಡಿಯೆಂದರೆ ಕಲ್ಲಿನ ದೊಡ್ಡ ಚಕ್ರ. ನಡುವಿನ ಅಂಗಳಕ್ಕೆ ಕುರಿ ನುಗ್ಗಿಸುವುದು, ಸುತ್ತಲೂ ಮನೆಗೊಂದರಂತೆ ಖಾನೆಗಳು. ಆಗಲೇ ಸೀಸೆಗಳು ಕೈಯಿಂದ ಕೈಗೆ ಹೋಗುತ್ತಿದ್ದವು, ಗೋಡೆಯ ಮೇಲೆ ಮುದುಕರು ಹಾಡು ಎತ್ತಿಕೊಂಡು ಮೇಲಿನ ಸ್ವರಕ್ಕೆ ಏರಲಾಗದೆ ನಗುತ್ತಿದ್ದರು. ಸ್ಟೇನ್ ಅಂಗಳಕ್ಕೆ ಇಳಿದ. ಜೇಬಿನೊಳಗೆ ಕಾಗದ ಗರಿಗರಿ ಎಂದಿತು. ಓದಲು ಯಾವ ಹೊತ್ತು ಸರಿ ಎಂದು ನೋಡುತ್ತಿದ್ದ. ಹಾಡು ನಿಂತಾಗ ಎಂದುಕೊಂಡ, ಹಾಡು ನಿಂತಿತು, ಮುಂದಿನ ಹಾಡು ನಿಂತಾಗ ಎಂದುಕೊಂಡ. ಅಷ್ಟರಲ್ಲಿ ಕೋಲ್ಬೇನ್ ಕಾಣಿಸಿದ. ದೊಡ್ಡ ಆಳು, ಕುರಿಗಳ ನಡುವೆ ನೀರಿನಲ್ಲಿ ನಡೆದಂತೆ ನಡೆಯುತ್ತಿದ್ದ. ಒಂದರ ಕೊಂಬು ಹಿಡಿದ. ತಲೆಯನ್ನು ತೊಡೆಗೆ ಒತ್ತಿಕೊಂಡ. ಹೆಬ್ಬೆರಳು ಬಲಗಿವಿಯ ಮೇಲೆ ಹರಿದಾಡಿತು. "ನಮ್ಮದು!" ಎಂದು ಎಳೆಯತೊಡಗಿದ. ಅದು ಗಿಲ್‌ನ ಕುರಿ. ಸ್ಟೇನ್‌ಗೆ ಇಷ್ಟು ದೂರದಿಂದಲೇ ಹಿಂಗಚ್ಚು ಕಾಣುತ್ತಿತ್ತು. ಹೋದ ವರ್ಷವೂ ಹೀಗೇ ಮಾಡಿದ್ದ, ಹೀಗೇ ಒಂದು ಗಿಲ್‌ನ ಕುರಿಯನ್ನು ತನ್ನ ಖಾನೆಗೆ ಎಳೆದಿದ್ದ, ಈಗ ಹೋಲ್‌ನವರೇ ಕದಿಯಲು ಶುರುಮಾಡಿದರು ಎಂದು ಜನ ಬಿದ್ದುಬಿದ್ದು ನಕ್ಕಿದ್ದರು, ಕೋಲ್ಬೇನ್ ಮಾತ್ರ ನಕ್ಕಿರಲಿಲ್ಲ. ಸ್ಟೇನ್‌ನ ಗಂಟಲಿಗೆ ಕೂಗು ಬಂದಿತ್ತು. ಬಂದದ್ದು ಅಲ್ಲೇ ನಿಂತಿತು. ಕಾಫಿ ಡಬ್ಬಿಯನ್ನು ಅಷ್ಟು ದೂರ ಹಿಡಿದ ಕೈ ನೆನಪಾಯಿತು. ಕುರಿಗಳನ್ನು ಸರಿಸುತ್ತ ಹತ್ತಿರ ಹೋದ.

"ಎಡಗಿವಿ ನೋಡು."

"ನೋಡ್ದೆ."

"ನೋಡ್ಲಿಲ್ಲ ನೀನು. ಮುಟ್ಟಿದೆ."

ಕೋಲ್ಬೇನ್ ಮುಖ ಎತ್ತಿದ. ಕಣ್ಣುಗಳ ಮೇಲೆ ಹಾಲಿನ ಕೆನೆಯಂಥ ಪೊರೆ. ಈ ಮುಖವನ್ನು ಇಷ್ಟು ಹತ್ತಿರದಿಂದ ಸ್ಟೇನ್ ಎಂದೂ ನೋಡಿರಲಿಲ್ಲ, ನೋಡುವ ಹಾಗೆ ಈ ಮುಖ ಎಂದೂ ನಿಂತಿರಲೂ ಇಲ್ಲ.

"ಮೆಲ್ಲಗೆ ಮಾತಾಡೋ," ಎಂದ ಕೋಲ್ಬೇನ್. "ಹೆಂಡ್ತೀಗೂ ಗೊತ್ತಿಲ್ಲ. ತುಂಡು ಕೈಗೆ ಸಿಗುತ್ತೆ. ಆ ನಿಮ್ಮ ದರಿದ್ರ ಹಿಂಗಚ್ಚು ಇದ್ಯಲ್ಲ, ಈ ಚಳೀಲಿ ಬೆರಳಿಗೆ ಹತ್ತಲ್ಲ. ಅದಕ್ಕೇ ಬದಲಾಯಿಸ್ಕೊ ಅಂದದ್ದು."

"ಹಾಗಂತ ಅಂಗಡೀಲಿ ಹೇಳ್ಬಹುದಿತ್ತು."

"ಕಣ್ಣು ಹೋಯ್ತು ಅಂತ ಅಂಗಡೀಲಿ ಹೇಳ್ಲಾ? ಸಕ್ಕರೆ ಕೊಳ್ಳೋರ ಮುಂದೆ?"

ಸ್ಟೇನ್ ಅವನ ಹೆಬ್ಬೆರಳನ್ನು ಹಿಡಿದ. ಒರಟು, ತಣ್ಣಗಿನ, ಉಗುರು ಸೀಳಿದ ಬೆರಳು. ಅದನ್ನು ಎಡಗಿವಿಯ ಹಿಂಬದಿಯ ಕಚ್ಚಿನೊಳಗೆ ಇಟ್ಟ. "ಇಲ್ಲಿ. ನಮ್ಮದು ಹಿಂದೆ. ನಿಮ್ಮಪ್ಪ ಹುಡುಗ ಆಗಿದ್ದಾಗ ಅವನದ್ದು ಮುಂದೆ ಇತ್ತು."

ಬೆರಳು ಅಲುಗಲಿಲ್ಲ. "ಅದು ನಿಂಗ್ಯಾರು ಹೇಳಿದ್ರು?"

"ನಿಮ್ಮಜ್ಜ ಸೋಲ್ವಿ. ಪತ್ರಿಕೇಲಿ." ಕಾಗದ ತೆಗೆಯುವ ಅಗತ್ಯ ಬೀಳಲಿಲ್ಲ, ರಾತ್ರಿಯೆಲ್ಲ ಅದು ಬಾಯಿಪಾಠವಾಗಿತ್ತು. ಗೋಡೆಯ ಮೇಲೆ ನಿಂತು ಕೂಗಿ ಹೇಳಬೇಕೆಂದಿದ್ದ ಮಾತುಗಳನ್ನು, ಕುರಿಗಳು ಅರಚುತ್ತಿದ್ದುದರಿಂದ, ಕೋಲ್ಬೇನ್‌ನ ಕಿವಿಯ ಹತ್ತಿರ ಬಾಯಿಟ್ಟು ಹೇಳಬೇಕಾಯಿತು. ನನ್ನ ಮಗ ಗ್ರಿಮ್‌ಗೆ. ಹುಡುಗ ಇಸ್ಲೇವ್‌ಗೆ. ಇಬ್ಬರದನ್ನೂ ಎಲ್ಲರೂ ಮನ್ನಿಸತಕ್ಕದ್ದು.

"ಒಂದೇ ಪ್ರಕಟಣೇಲಾ?"

"ಒಂದೇ ಪ್ರಕಟಣೆ. ಒಂದೇ ರುಜು."

ಕೋಲ್ಬೇನ್ ಕುರಿಯನ್ನು ಬಿಡಲಿಲ್ಲ. ಹೆಬ್ಬೆರಳು ಕಿವಿಯ ಮುಂಬದಿಗೆ ಹೋಗಿ, ಅಲ್ಲಿ ಏನೂ ಸಿಗದೆ, ಹಿಂಬದಿಗೆ ಮರಳಿತು. "ಅಷ್ಟೇನಾ?" ಎಂದ ಕೊನೆಗೆ. "ಆಮೇಲೆ ಮತ್ತೇನೂ ಬರ್ಲಿಲ್ವಾ ಪತ್ರಿಕೇಲಿ?"

ಇಲ್ಲ ಎಂದಿದ್ದರೆ ಆಗುತ್ತಿತ್ತು. ಆ ಸಂಪುಟ ಪೇಟೆಯ ಕಪಾಟಿನಲ್ಲಿತ್ತು, ಈ ಕಣ್ಣು ಆ ಅಕ್ಷರಗಳನ್ನು ಇನ್ನು ಎಂದೂ ಓದಲಾರದು. ಸ್ಟೇನ್‌ಗೆ ಅಜ್ಜನ ಕೈಗಳು ಕಂಡವು, ಇದೇ ಅಂಗಳದಲ್ಲಿ, ಎರಡು ಕಿವಿಗಳನ್ನೂ ಹಿಡಿದು ಎತ್ತಿದ ಕೈಗಳು. ಒಂದೇ ಕಿವಿಯನ್ನು ಎಂದೂ ಎತ್ತಿದವನಲ್ಲ ಅವನು. ನಿಮ್ಮದರಂತೆಯೇ ಇರುವುದು ಇದು, ನಿಮ್ಮದರಂತೆ ಇಲ್ಲದ್ದು ಇದು, ಎರಡನ್ನೂ ನೋಡು ಎಂದು ಗ್ರಿಮ್‌ನ ಮುಂದೆ ನಿಲ್ಲುತ್ತಿದ್ದ. ಕಳ್ಳನಲ್ಲವೆಂದು ತೋರಿಸಲು ನಿಂತದ್ದಲ್ಲ. ತನ್ನ ಗುರುತಿನ ಜೋಡಿ ಗುರುತು ಯಾರದೆಂದು ಬಲ್ಲ ಒಬ್ಬನೇ ಒಬ್ಬ ಮನುಷ್ಯ ಅದನ್ನು ಬಾಯಿಬಿಟ್ಟು ಓದಲಿ ಎಂದು ಕಾದದ್ದು, ವರ್ಷ ವರ್ಷವೂ. ಗೋಡೆಯಾಚೆ ಬೂಟಿನ ದಾರ ಬಿಚ್ಚಿ ಕಟ್ಟುತ್ತಿದ್ದವನಿಗೆ ಇದು ತಿಳಿಯಲು ಇಷ್ಟು ದಿನ ಬೇಕಾಯಿತು.

"ಬಂತು," ಎಂದ ಸ್ಟೇನ್. "ಸೋಲ್ವಿ ಸತ್ತ ಮೇಲೆ ನಿಮ್ಮಜ್ಜಿ ರದ್ದು ಮಾಡಿಸಿದ್ಲು. ಯಾರೂ ಮನ್ನಿಸ್ಬೇಕಿಲ್ಲ ಅಂತ. ಆ ಪುಟ ನಾನು ತರ್ಲಿಲ್ಲ."

"ಗೊತ್ತು."

"ಗೊತ್ತಾ?"

"ಅಪ್ಪ ಸಾಯೋ ಮುಂಚೆ ಅಂದಿದ್ದ. ಅಮ್ಮ ಆ ಹುಡುಗನ ಗುರುತು ಅಳಿಸಿದ್ಲು, ಅಮ್ಮ ಆ ಹುಡುಗನ ಗುರುತು ಅಳಿಸಿದ್ಲು ಅಂತ. ಯಾವ ಹುಡುಗ ಅಂತ ನಾನು ಕೇಳ್ಲಿಲ್ಲ. ಜ್ವರದ ಮಾತು ಅಂತ ಸುಮ್ನಾದೆ. ಸುಮ್ನಾಗೋದು ಸುಲಭ ಅಲ್ವಾ." ಕುರಿ ಒದ್ದಾಡಿತು, ಅದನ್ನು ಮಂಡಿಯಿಂದ ಅದುಮಿದ. "ದೊಡ್ಡಿ ದಿನ ಅಪ್ಪ ಮನೇಗ್ ಬಂದು ಊಟ ಮಾಡ್ತಿರ್ಲಿಲ್ಲ. ಹಟ್ಟೀಲಿ ಹೋಗಿ ಕೂತ್ಬಿಡ್ತಿದ್ದ. ಕುಡ್ದಿದಾನೆ ಅಂತ ಅಮ್ಮ ನಮ್ಮನ್ನ ಹತ್ರ ಬಿಡ್ತಿರ್ಲಿಲ್ಲ."

ಗೋಡೆಯ ಮೇಲಿಂದ ಯಾರೋ, ಹಾಡು ಮುಗಿದ ಬಿಡುವಿನಲ್ಲಿ, ಕೂಗಿದರು. "ಏನ್ರೋ ಅದು, ಒಂದೇ ಕುರೀನ ಇಬ್ರು ಎಳೀತಿದೀರಿ? ಯಾರದ್ದು? ಗಾಯ ಹಸಿಯೋ, ಒಣಗಿದ್ಯೋ?" ನಗು ಗೋಡೆಗುಂಟ ಸುತ್ತು ಬಂತು. ಸ್ಟೇನ್‌ನ ಬಾಯಿ, ಹಳೆಯ ಚಾಳಿಯಂತೆ, ಎಲ್ಲರಿಗಿಂತ ಮೊದಲು ನಗಲು ತೆರೆಯಿತು. ನಗಲಿಲ್ಲ.

ಕೋಲ್ಬೇನ್ ಬೆನ್ನು ನೆಟ್ಟಗೆ ಮಾಡಿದ. "ಗಿಲ್‌ದು!" ಎಂದು ಕೂಗಿದ, ಬೆಟ್ಟದಿಂದ ಮಾತು ತಿರುಗಿ ಬರುವಷ್ಟು ಜೋರಾಗಿ. ಕುರಿಯನ್ನು ಗಿಲ್‌ನ ಖಾನೆಯವರೆಗೆ ತಾನೇ ಎಳೆದೊಯ್ದು, ಬಾಗಿಲು ತಡವಿ ಹುಡುಕಿ, ಒಳಗೆ ನೂಕಿದ. ಮರಳಿ ಬಂದು ಸ್ಟೇನ್‌ನ ಪಕ್ಕ ನಿಂತು, ಎದುರಿಗೆ ಎಲ್ಲೋ ನೋಡುತ್ತ, "ಪುಸ್ತಕದಲ್ಲಿ ಹಾಗೇ ಇರ್ಲಿ ಅದು," ಎಂದ. "ಅಜ್ಜಿ ಮಾತು ಅಚ್ಚಾದದ್ದು ಒಂದು ಸಲ ತಾನೆ. ನಿಮ್ಮ ಗುರುತು ಎಷ್ಟು ಸಲ ಅಚ್ಚಾಗಿಲ್ಲ." ಮೂಗು ಒರೆಸಿಕೊಂಡ, ಆ ಉದ್ದ ಮೂಗು. "ಒಡ್ನಿಗೆ ಹೇಳಿದ್ಯಾ?"

"ಹೇಳ್ದೆ."

"ಏನಂದ್ಲು?"

"ದೇವರೇ ಅಂದ್ಲು."

ಕೋಲ್ಬೇನ್ ನಕ್ಕ, ಒಂದು ಸಲ, ಕೆಮ್ಮಿದಂತೆ. ಆಮೇಲೆ ಬಗ್ಗಿ, ಪಕ್ಕದಲ್ಲಿ ಹಾದುಹೋಗುತ್ತಿದ್ದ ಮರಿಯೊಂದನ್ನು ಹಿಡಿದ. ಬಲಗಿವಿಯ ಮೇಲೆ ಹೆಬ್ಬೆರಳು ಇಡಲಿಲ್ಲ. ಮರಿಯನ್ನು ಮಂಡಿಗಳ ನಡುವೆ ಅದುಮಿ, ಎರಡು ಕೈಯಲ್ಲಿ ಎರಡು ಕಿವಿಗಳನ್ನೂ ಹಿಡಿದು, ಸ್ಟೇನ್‌ನ ಕಡೆಗೆ, ಬೆಳಕಿಗೆ ಎತ್ತಿದ. ಮುಖ ಬೇರೆ ಕಡೆ ತಿರುಗಿತ್ತು. ಹಾಗೆ ಎತ್ತಿಹಿಡಿದು ಕಾದ.

ಸ್ಟೇನ್ ನೋಡಿದ.

"ಬಲಗಿವಿ ತುಂಡು, ಎಡಗಿವಿ ಪೂರ್ತಿ," ಎಂದ, ಅವನೊಬ್ಬನಿಗೇ ಕೇಳುವಷ್ಟು ಮೆಲ್ಲಗೆ. "ನಿಂದು. ಹಿಡಿ, ಮುಂದಿನದ್ದು ತೋರ್ಸು."